ಮದುವೆ ಮನೆಯ ಶಕುನ, ಶಾಸ್ತ್ರ, ದೃಷ್ಟಿ: ಪದೇ ಪದೇ ಕೇಳುವ ಪ್ರಶ್ನೆಗಳು

ನಮ್ಮ ನೆಂಟರಲ್ಲಿ ಯಾರ ಮನೆ ಮದುವೆಯಾದರೂ ಉಗ್ರಾಣದ ಬೀಗದ ಕೈ ನನ್ನ ಸೊಂಟಕ್ಕೇ ಬರುತ್ತದೆ. ಅದರ ಜೊತೆಗೆ ಫೋನುಗಳೂ ಬರುತ್ತವೆ. "ದೊಡ್ಡಮ್ಮ, ಇದು ಮಾಡಬಹುದಾ? ದೊಡ್ಡಮ್ಮ, ಹೀಗಾಗಿಬಿಡ್ತು, ಏನಾದ್ರೂ ದೋಷನಾ?" ಒಂದೇ ಪ್ರಶ್ನೆಗೆ ಹತ್ತು ಸಲ ಉತ್ತರ ಹೇಳಿ ಸಾಕಾಗಿ ಇಲ್ಲಿ ಬರೆದಿಟ್ಟಿದ್ದೇನೆ. ನಾನು ಜ್ಯೋತಿಷ್ಯ ಓದಿದವಳಲ್ಲ. ಹಳೇ ಮೈಸೂರು ಕಡೆಯವಳು, ಹಾಗಾಗಿ ಇಲ್ಲಿರುವುದು ಹೆಚ್ಚಾಗಿ ಈ ಕಡೆಯ ಪದ್ಧತಿ. ನಿಮ್ಮ ಮನೆಯಲ್ಲಿ ಬೇರೆ ಇದ್ದರೆ ನಿಮ್ಮ ಅಜ್ಜಿಯ ಮಾತೇ ಸರಿ.

ಆಷಾಢದಲ್ಲಿ ಯಾಕೆ ಮದುವೆ ಮಾಡುವುದಿಲ್ಲ? ಹೊಸ ಜೋಡಿಯನ್ನು ಯಾಕೆ ದೂರ ಇಡುತ್ತಾರೆ?

ಮೊದಲನೆಯದಕ್ಕೆ ಕಾರಣ ಹುಡುಕಲು ಪಂಚಾಂಗ ಬೇಡ, ಹೊಲ ನೋಡಿದರೆ ಸಾಕು. ಜೂನ್ ಕೊನೆ, ಜುಲೈ ಅಂದರೆ ಮಳೆ, ಬಿತ್ತನೆ, ನಾಟಿ. ಕೈಯಲ್ಲಿ ಕಾಸಿರುವುದಿಲ್ಲ, ಕೆಲಸಕ್ಕೆ ಆಳು ಸಿಗುವುದಿಲ್ಲ. ತೆಂಗಿನ ಗರಿಯ ಚಪ್ಪರ ಸೋರುತ್ತದೆ. ಅಂಥ ಹೊತ್ತಲ್ಲಿ ಊರಿಗೆಲ್ಲ ಊಟ ಹಾಕುವವರು ಯಾರು?

ಹೊಸ ಸೊಸೆಯನ್ನು ತವರಿಗೆ ಕಳಿಸುವುದಕ್ಕೆ ಹಿರಿಯರು ಕೊಡುವ ಲೆಕ್ಕ ಬೇರೆ. ಆಷಾಢದಲ್ಲಿ ಬಸುರಾದರೆ ಒಂಬತ್ತು ತಿಂಗಳಿಗೆ ಚೈತ್ರ, ವೈಶಾಖ. ಸುಡು ಬಿಸಿಲಲ್ಲಿ ಹೆರಿಗೆ, ಬಾಣಂತನ. ಇದನ್ನು ಬಾಯಿಬಿಟ್ಟು ಹೇಳಲು ನಾಚಿಕೆ. ಅದಕ್ಕೇ "ಆಷಾಢದಲ್ಲಿ ಅತ್ತೆ ಸೊಸೆ ಒಂದೇ ಹೊಸಿಲು ದಾಟಬಾರದು" ಅಂತ ಮಾತು ತಿರುಗಿಸಿದ್ದಾರೆ ಅನ್ನುವುದು ನನ್ನ ಅನುಮಾನ. ಈಗ ಮದುವೆಯಾಗಿ ಬೆಂಗಳೂರಿನ ಬಾಡಿಗೆ ಮನೆಗೆ ಹೋದವರಿಗೆ ದಾಟಲು ಅತ್ತೆಯ ಹೊಸಿಲೇ ಇಲ್ಲ, ಆದರೂ ತವರಿಗೆ ಹೋಗುತ್ತಾರೆ. ಹೋಗಲಿ ಬಿಡಿ. ಮದುವೆಯ ಗದ್ದಲ ಮುಗಿದ ಮೇಲೆ ಹುಡುಗಿಗೆ ಅಮ್ಮನ ಕೈಯ ಊಟ ಒಂದು ತಿಂಗಳು ಸಿಕ್ಕರೆ ಯಾರಿಗೇನು ನಷ್ಟ?

ತುಳುನಾಡಿನಲ್ಲಿ ಇದೇ ಪದ್ಧತಿ ಆಟಿ ತಿಂಗಳಿಗೆ ಇದೆ. ಅದು ಸೂರ್ಯನ ಲೆಕ್ಕದ ತಿಂಗಳು, ಜುಲೈ ಮಧ್ಯದಿಂದ ಆಗಸ್ಟ್ ಮಧ್ಯದವರೆಗೆ. ನಮ್ಮ ಆಷಾಢ ಚಂದ್ರನ ಲೆಕ್ಕದ್ದು. ನಮ್ಮ ಹುಡುಗ ಮಂಗಳೂರಿನ ಹುಡುಗಿಯನ್ನು ಮದುವೆಯಾಗಿ ಎರಡೂ ಮನೆಯವರು ಹಟ ಹಿಡಿದರೆ ಕಷ್ಟ. 2025ರಲ್ಲಿ ಆಷಾಢ ಜೂನ್ 26ಕ್ಕೇ ಶುರುವಾಗಿತ್ತು, ಆಟಿ ಮುಗಿಯುವಷ್ಟರಲ್ಲಿ ಆಗಸ್ಟ್ ಅರ್ಧ ಆಗಿತ್ತು. ಹೆಚ್ಚುಕಡಿಮೆ 50 ದಿನ! ಇಂಥ ಕಡೆ ಯಾರಾದರೂ ಒಬ್ಬರು ಸೋಲಬೇಕು.

ಬೇರೆ ಯಾವ ತಿಂಗಳು ಆಗುವುದಿಲ್ಲ?

ಧನುರ್ಮಾಸ, ಅಂದರೆ ಡಿಸೆಂಬರ್ ಮಧ್ಯದಿಂದ ಸಂಕ್ರಾಂತಿಯವರೆಗೆ. ಭಾದ್ರಪದದ ಪಿತೃಪಕ್ಷ. ಸುಮಾರು ಎರಡೂಮುಕ್ಕಾಲು ವರ್ಷಕ್ಕೊಮ್ಮೆ ಬರುವ ಅಧಿಕ ಮಾಸ. 2026ರಲ್ಲಿ ಮೇ 17ರಿಂದ ಜೂನ್ 15ರವರೆಗೆ ಅಧಿಕ ಜ್ಯೇಷ್ಠ, ಮದುವೆ ಸೀಸನ್ನಿನ ನಡುಮಧ್ಯೆ.

ಇದರ ಮೇಲೆ ಗುರು, ಶುಕ್ರರ ಅಸ್ತ ಅಂತ ಇನ್ನೊಂದಿದೆ. ಆ ಗ್ರಹಗಳು ಸೂರ್ಯನ ಹತ್ತಿರ ಸರಿದು ಆಕಾಶದಲ್ಲಿ ಕಾಣದಂತಾಗುವ ದಿನಗಳು. ಮದುವೆಗೆ ಈ ಇಬ್ಬರ ಬಲ ಬೇಕು ಅನ್ನುವುದು ನಂಬಿಕೆ. 2024ರಲ್ಲಿ ಎರಡೂ ಒಟ್ಟಿಗೆ ಬಂದು ಮೇ, ಜೂನ್ ಪೂರ್ತಿ ಮುಹೂರ್ತವೇ ಇಲ್ಲದಂತಾಯಿತು. ಜುಲೈ 6ಕ್ಕೆ ಆಷಾಢ ಬಂತು. ಶ್ರಾವಣಕ್ಕೆ ಆಗಸ್ಟ್ 5ರವರೆಗೆ ಕಾಯಬೇಕಾಯಿತು. ನಮ್ಮ ಮನೆಯಲ್ಲೇ ಒಬ್ಬರು ಮಕ್ಕಳಿಗೆ ರಜೆ ಅಂತ ಮೇ ತಿಂಗಳಿಗೆ ಛತ್ರ ಹಿಡಿದು ಅಡ್ವಾನ್ಸ್ ಕೊಟ್ಟಿದ್ದರು. ಪುರೋಹಿತರು ಆಗುವುದಿಲ್ಲ ಅಂದರು, ಛತ್ರದವರು ದುಡ್ಡು ವಾಪಸ್ ಕೊಡುವುದಿಲ್ಲ ಅಂದರು. ಮೊದಲು ಪಂಚಾಂಗ, ಆಮೇಲೆ ಛತ್ರ. ಇದೊಂದು ನೆನಪಿಟ್ಟುಕೊಳ್ಳಿ.

ಹಿರಿಯ ಮಗನಿಗೂ ಹಿರಿಯ ಮಗಳಿಗೂ ಜ್ಯೇಷ್ಠ ಮಾಸದಲ್ಲಿ ಮದುವೆ ಆಗಬಾರದಂತೆ, ಹೌದಾ?

ಹೌದು, ಅದಕ್ಕೆ ತ್ರಿಜ್ಯೇಷ್ಠ ಅನ್ನುತ್ತಾರೆ. ಮೂರು "ಹಿರಿಯ" ಒಂದೇ ಕಡೆ ಸೇರಬಾರದು ಅಂತ. ಇಬ್ಬರಲ್ಲಿ ಒಬ್ಬರು ಎರಡನೆಯವರಾಗಿದ್ದರೆ ಮುಗಿಯಿತು, ತಲೆ ಕೆಡಿಸಿಕೊಳ್ಳಬೇಡಿ.

ಮಗ ಅಮೆರಿಕದಲ್ಲಿದ್ದಾನೆ, ಅಲ್ಲೇ ಮದುವೆ. ರಾಹುಕಾಲ ಇಲ್ಲಿಯದು ನೋಡಬೇಕಾ, ಅಲ್ಲಿಯದಾ?

ಅಲ್ಲಿಯದು. ಎಷ್ಟೋ ಜನ ಕ್ಯಾಲೆಂಡರಿನಲ್ಲಿ ಅಚ್ಚಾದದ್ದನ್ನೇ ಫೋಟೊ ತೆಗೆದು ಕಳಿಸುತ್ತಾರೆ. ರಾಹುಕಾಲ ಅಂದರೆ ಸೂರ್ಯ ಹುಟ್ಟಿ ಮುಳುಗುವವರೆಗಿನ ಹೊತ್ತಿನ ಎಂಟನೇ ಒಂದು ಪಾಲು. ನಮ್ಮಲ್ಲಿ ಬೆಳಿಗ್ಗೆ 6ರಿಂದ ಸಂಜೆ 6 ಅಂತ ಹಿಡಿದು ಒಂದೂವರೆ ಗಂಟೆ ಮಾಡಿಟ್ಟಿದ್ದಾರೆ. ಸೋಮವಾರ 7:30ಕ್ಕೆ, ಶನಿವಾರ 9ಕ್ಕೆ, ಹೀಗೆ. ಸಿಯಾಟಲ್‌ನಲ್ಲಿ ಜೂನ್ ಕೊನೆಗೆ ಹಗಲೇ 16 ಗಂಟೆ. ಅಲ್ಲಿ ರಾಹುಕಾಲ ಎರಡು ಗಂಟೆ ಆಗುತ್ತದೆ. ಶನಿವಾರವಾದರೆ 9 ಕಾಲರ ಹತ್ತಿರ ಶುರುವಾಗಿ 11 ದಾಟುತ್ತದೆ. ಮುಹೂರ್ತದ ಲಗ್ನವನ್ನೂ ಆ ಊರಿಗೇ ಲೆಕ್ಕ ಹಾಕಿಸಬೇಕು.

ಒಳ್ಳೆ ಮುಹೂರ್ತ ಸಿಗದೆ ಒದ್ದಾಡುವವರಿಗೆ ಅಭಿಜಿನ್ ಮುಹೂರ್ತ ಅಂತ ಒಂದು ದಾರಿ ಇದೆ. ನಡುಮಧ್ಯಾಹ್ನದ ಎರಡು ಗಳಿಗೆ, ಸುಮಾರು 48 ನಿಮಿಷ. ಬುಧವಾರ ಬಿಟ್ಟು ಬೇರೆ ದಿನ ನಡೆಯುತ್ತದೆ ಅನ್ನುತ್ತಾರೆ. ಅಡುಗೆಯವರಿಗೆ ಮಾತ್ರ ಇದು ಬೇಡ. ಧಾರೆ ಮುಗಿಯುವುದಕ್ಕೂ ಮೊದಲ ಪಂಕ್ತಿ ಹಸಿದು ಕೂರುವುದಕ್ಕೂ ಸರಿಹೋಗುತ್ತದೆ.

ಸಾಲಾವಳಿ (ಜಾತಕದ ಹೊಂದಾಣಿಕೆ) ಕೂಡಿಲ್ಲ, ಕುಜದೋಷ ಬೇರೆ ಇದೆ ಅಂತಾರೆ. ಸಂಬಂಧ ಬಿಡಬೇಕಾ?

ಸ್ವಲ್ಪ ಲೆಕ್ಕ ಹಾಕೋಣ. ಜಾತಕದಲ್ಲಿ 12 ಮನೆ. ಲಗ್ನ, ಅಂದರೆ ಜಾತಕದ ಮೊದಲ ಮನೆಯಿಂದ ಎಣಿಸಿ 2, 4, 7, 8, 12ನೇ ಮನೆಯಲ್ಲಿ ಕುಜ (ಮಂಗಳ ಗ್ರಹ) ಇದ್ದರೆ ದೋಷ ಅನ್ನುತ್ತಾರೆ. 12ರಲ್ಲಿ 5 ಮನೆ. ಅಂದರೆ ಸುಮ್ನೆ ಕಣ್ಣು ಮುಚ್ಚಿ ಆರಿಸಿದರೂ ನೂರರಲ್ಲಿ ನಲವತ್ತು ಜನಕ್ಕೆ ದೋಷ ಇದ್ದೇ ಇರುತ್ತದೆ. ಲಗ್ನ ಸಾಲದು, ಚಂದ್ರನಿಂದಲೂ ಶುಕ್ರನಿಂದಲೂ ನೋಡಿ ಅಂದರೆ ಹತ್ತರಲ್ಲಿ ಏಳೆಂಟು ಜನ ಸಿಕ್ಕಿಬೀಳುತ್ತಾರೆ. ಇಷ್ಟು ಜನಕ್ಕೆ ಇರುವುದನ್ನು ದೋಷ ಅನ್ನಬೇಕೋ ಬೇಡವೋ ನೀವೇ ಹೇಳಿ. ಜ್ಯೋತಿಷಿಗಳಿಗೂ ಇದು ಗೊತ್ತು. ಅದಕ್ಕೇ ಇಂಥ ರಾಶಿಯಲ್ಲಿದ್ದರೆ ದೋಷವಿಲ್ಲ, ಇಬ್ಬರಿಗೂ ಇದ್ದರೆ ದೋಷವಿಲ್ಲ ಅಂತ ಸಾಲುಸಾಲು ವಿನಾಯಿತಿ ಇಟ್ಟಿದ್ದಾರೆ.

ಸಾಲಾವಳಿಯ 36 ಗುಣದಲ್ಲಿ 18 ಬಂದರೆ ಪಾಸು. ಎಂಟು ಕೂಟಕ್ಕೆ ಒಂದರಿಂದ ಎಂಟರವರೆಗೆ ಅಂಕ. ಕೊನೆಯ ನಾಡಿಕೂಟಕ್ಕೇ 8. ಅದೊಂದು ಹೋದರೆ ಗಾಬರಿಯಾಗುತ್ತಾರೆ. ಹುಡುಗನ ಕುಡಿತ, ಸಾಲ, ಸಿಟ್ಟು ಇದಕ್ಕೆಲ್ಲ ಈ 36ರಲ್ಲಿ ಒಂದು ಅಂಕವೂ ಇಲ್ಲ. ಅದನ್ನು ಹುಡುಗನ ಬೀದಿಯ ಅಂಗಡಿಯಲ್ಲಿ ವಿಚಾರಿಸಬೇಕು.

ನಮ್ಮ ಹುಡುಗಿಯದು ಮೂಲಾ ನಕ್ಷತ್ರ. ಮಾವನಿಗೆ ಆಗುವುದಿಲ್ಲ ಅಂತ ಎರಡು ಸಂಬಂಧ ತಪ್ಪಿತು.

ಇದನ್ನು ಕೇಳಿದಾಗಲೆಲ್ಲ ನನಗೆ ಸಿಟ್ಟು ಬರುತ್ತದೆ. ಮೂಲಾ ಮಾವನಿಗೆ, ಆಶ್ಲೇಷ ಅತ್ತೆಗೆ, ಜ್ಯೇಷ್ಠಾ ಬಾವನಿಗೆ, ವಿಶಾಖ ಮೈದುನನಿಗೆ. 27 ನಕ್ಷತ್ರದಲ್ಲಿ ನಾಲ್ಕು ಹೋಯಿತು. ಹೆಣ್ಣುಮಕ್ಕಳಲ್ಲಿ ಏಳಕ್ಕೆ ಒಬ್ಬಳು ಹೆಚ್ಚುಕಡಿಮೆ. ಇದನ್ನು ನಂಬುವ ಪುಸ್ತಕಗಳೇ ಮೂಲಾದಲ್ಲಿ ಮೊದಲ ಪಾದ ಮಾತ್ರ, ವಿಶಾಖದಲ್ಲಿ ಕೊನೆಯ ಪಾದ ಮಾತ್ರ ಅನ್ನುತ್ತವೆ. ಅಷ್ಟು ಓದುವ ತಾಳ್ಮೆ ಬೀಗರಿಗಿಲ್ಲ, ನಕ್ಷತ್ರದ ಹೆಸರು ಕೇಳಿದ ಕೂಡಲೇ ಫೋನ್ ಇಡುತ್ತಾರೆ. ನವರಾತ್ರಿಯಲ್ಲಿ ಸರಸ್ವತಿಯನ್ನು ಕೂರಿಸುವುದೇ ಮೂಲಾ ನಕ್ಷತ್ರದಲ್ಲಿ. ದೇವಿಯನ್ನು ಮನೆಗೆ ಕರೆಯಲು ಆಗುವ ನಕ್ಷತ್ರ ಸೊಸೆಗೆ ಆಗದೆ ಹೋಗುತ್ತದಾ? ಮುಂದಿನ ಸಲ ಯಾರಾದರೂ ಮೂಗು ಮುರಿದರೆ ಇದನ್ನೇ ಕೇಳಿ. ಆಮೇಲೂ ಬೇಡ ಅಂದರೆ ಒಳ್ಳೆಯದೇ ಆಯಿತು, ಅಂಥ ಮನೆ ತಪ್ಪಿತು.

ತಾಳಿ ಕಟ್ಟುವಾಗ ಯಾರೋ ಸೀನಿದರು. ಏನಾದರೂ ಆಗುತ್ತದಾ?

ನಿಮಗೆ ಕೇಳಿಸಿತಾ? ಹಾಗಿದ್ದರೆ ವಾಲಗದವರು ಸರಿಯಾಗಿ ಊದಿಲ್ಲ. ಗಟ್ಟಿಮೇಳ ಇರುವುದೇ ಅದಕ್ಕೆ. ಪುರೋಹಿತರು "ಗಟ್ಟಿಮೇಳ, ಗಟ್ಟಿಮೇಳ" ಅಂತ ಕೈ ಎತ್ತಿದ ಕೂಡಲೇ ನಾದಸ್ವರ, ಡೋಲು ಕಿವಿ ಕಿತ್ತುಹೋಗುವಂತೆ ಬಾರಿಸಬೇಕು. ಸೀನು, ಅಳು, ಯಾರದೋ ಜಗಳದ ಮಾತು, ಯಾವ ಕೆಟ್ಟ ಶಬ್ದವೂ ಆ ಗಳಿಗೆಯಲ್ಲಿ ಮದುಮಕ್ಕಳ ಕಿವಿಗೆ ಬೀಳಬಾರದು. ಎಷ್ಟು ಜಾಣ ಉಪಾಯ ನೋಡಿ. ಸಾವಿರ ಜನ ಸೇರಿದ ಕಡೆ ಸೀನು ನಿಲ್ಲಿಸಲು ಆಗುವುದಿಲ್ಲ ಅಂತ ಗೊತ್ತಿದ್ದವರು ಅದು ಕೇಳದ ಹಾಗೆ ಮಾಡಿದರು. ಇತ್ತೀಚೆಗೆ ವಾಲಗದ ಬದಲು ಸ್ಪೀಕರಿನಲ್ಲಿ ರೆಕಾರ್ಡು ಹಾಕುತ್ತಾರೆ. ಸರಿಯಾಗಿ ಆ ಹೊತ್ತಿಗೆ ಬ್ಲೂಟೂತ್ ಕಟ್ ಆಗುತ್ತದೆ.

ಕೆಂಪು ಆರತಿ ಯಾಕೆ? ಅದರಲ್ಲಿ ಏನಿರುತ್ತದೆ?

ನೀರು, ಅರಿಶಿನ, ಚಿಟಿಕೆ ಸುಣ್ಣ. ಕೆಂಪು ಬಣ್ಣ ಯಾರೂ ಹಾಕುವುದಿಲ್ಲ, ಸುಣ್ಣ ಬಿದ್ದ ಕೂಡಲೇ ಅರಿಶಿನವೇ ಕೆಂಪಾಗುತ್ತದೆ. ಅರಿಶಿನದ ಕಲೆಯಾದ ಸೀರೆಗೆ ಸೋಪು ಹಚ್ಚಿದಾಗ ಕೆಂಪಗಾಗುವುದು ನೋಡಿದ್ದೀರಲ್ಲ, ಅದೂ ಇದೇ. ಸುಣ್ಣವಾಗಲಿ ಸೋಪಾಗಲಿ ಕ್ಷಾರ. ಈ ನೀರನ್ನು ಜೋಡಿಯ ಮುಂದೆ ಸುತ್ತಿ ಹೊರಗೆ ಚೆಲ್ಲುತ್ತಾರೆ, ದೃಷ್ಟಿ ಅದರ ಜೊತೆ ಹೋಗಲಿ ಅಂತ. ಸುಣ್ಣ ಜಾಸ್ತಿ ಹಾಕಬೇಡಿ, ಚೆಲ್ಲಿದಾಗ ರೇಷ್ಮೆ ಸೀರೆಗೆ ಸಿಡಿದರೆ ದೃಷ್ಟಿ ಹೋಗಿ ಜಗಳ ಬರುತ್ತದೆ.

ಕೆನ್ನೆಯ ಕಪ್ಪು ಬೊಟ್ಟು, ತಾಳಿಯ ಕರಿಮಣಿ ಇವೂ ದೃಷ್ಟಿಗೇ. ಚೆಂದದ ನಡುವೆ ಒಂದು ಕಪ್ಪು ಇಟ್ಟರೆ ನೋಡುವವರ ಕಣ್ಣು ಮೊದಲು ಅಲ್ಲಿಗೆ ಹೋಗುತ್ತದೆ ಅನ್ನುವ ನಂಬಿಕೆ. ಫೋಟೊದವರು ಬೊಟ್ಟು ಅಳಿಸಿಕೊಡುತ್ತೇವೆ ಅಂದರೆ ಬೇಡ ಅನ್ನಿ.

ಮಂಟಪದಲ್ಲಿ ದೀಪ ಆರಿಹೋಯಿತು.

ಪಕ್ಕದ ಸ್ಟ್ಯಾಂಡ್ ಫ್ಯಾನ್ ತಿರುಗಿಸಿ, ಮತ್ತೆ ಹಚ್ಚಿ. ನಮ್ಮವರು ದೀಪ "ಆರಿಸು" ಅನ್ನುವುದೇ ಇಲ್ಲ, "ದೊಡ್ಡದು ಮಾಡು" ಅನ್ನುತ್ತಾರೆ. ಹೊರಡುವಾಗ "ಹೋಗಿ ಬರ್ತೀನಿ". ಮಾತಿನಲ್ಲೂ ಕೆಟ್ಟದ್ದು ಬರಬಾರದು ಅಂತ. ಈ ಅಭ್ಯಾಸ ನನಗೆ ಇಷ್ಟ.

ಹಸಿರು ಬಳೆ ಒಡೆದರೆ?

ಗಾಜು, ಒಡೆಯುತ್ತದೆ. ಬಳೆ ತೊಡಿಸುವ ದಿನವೇ ಒಂದು ಡಜನ್ ಜಾಸ್ತಿ ತೆಗೆದಿಡಿ.

ಜೀರಿಗೆ ಬೆಲ್ಲ ಯಾಕೆ? ಮೊದಲು ಹಾಕಿದವರ ಮಾತೇ ಮನೆಯಲ್ಲಿ ನಡೆಯುತ್ತದಂತೆ!

ಅಂತರಪಟ ಸರಿದ ಕೂಡಲೇ ಹುಡುಗ ಹುಡುಗಿ ಒಬ್ಬರ ತಲೆಯ ಮೇಲೆ ಒಬ್ಬರು ಜೀರಿಗೆ ಬೆಲ್ಲ ಹಾಕುತ್ತಾರೆ. ಜೀರಿಗೆ ಕಹಿ, ಬೆಲ್ಲ ಸಿಹಿ, ಎರಡೂ ಸೇರಿ ಅರೆದ ಮೇಲೆ ಬೇರೆ ಮಾಡಲಾಗದು ಅನ್ನುವುದು ಅರ್ಥ. ಮೊದಲು ಹಾಕಿದವರದೇ ಮೇಲುಗೈ ಅನ್ನುವುದು ಸೇರಿದವರ ತಮಾಷೆ. ಹುಡುಗಿಯ ಸೋದರಮಾವ ಆಕೆಯನ್ನು ಎತ್ತಿ ಹಿಡಿಯುವುದು, ಹುಡುಗನ ಗೆಳೆಯರು ಅವನನ್ನು ಅದಕ್ಕಿಂತ ಮೇಲೆ ಎತ್ತುವುದು, ಇದೆಲ್ಲ ನಡೆಯಲಿ. ಸೊಂಟ ಹುಷಾರು. ನಾನು ಗೆದ್ದಿದ್ದೆ. ಮನೆಯಲ್ಲಿ ಟಿವಿ ರಿಮೋಟ್ ಇವತ್ತಿಗೂ ಅವರ ಕೈಯಲ್ಲೇ ಇದೆ.

ಅಕ್ಷತೆಗೆ ನುಚ್ಚು ಬಳಸಬಹುದಾ?

ಬೇಡ. ಅಕ್ಷತ ಅಂದರೇನೇ ಮುರಿಯದ್ದು. ಇಡೀ ಅಕ್ಕಿಗೆ ಅರಿಶಿನ, ಒಂದು ತೊಟ್ಟು ತುಪ್ಪ. ಬಂದವರಿಗೆ ಹಂಚುವಾಗ ಒಂದೊಂದು ಚಿಟಿಕೆ ಕೊಡಿ, ಹಿಡಿ ಕೊಟ್ಟರೆ ಕಲ್ಲೆಸೆದ ಹಾಗೆ ಎಸೆಯುತ್ತಾರೆ. ಆಮೇಲೆ ಗುಡಿಸಿ ಹಕ್ಕಿಗೋ ಹಸುವಿಗೋ ಹಾಕಿ.

ಹಾಡಹಗಲಲ್ಲಿ ಅರುಂಧತಿ ನಕ್ಷತ್ರ ತೋರಿಸುತ್ತಾರಲ್ಲ, ಯಾರಿಗೆ ಕಾಣುತ್ತದೆ?

ಯಾರಿಗೂ ಕಾಣುವುದಿಲ್ಲ. ಎಲ್ಲರೂ "ಕಂಡಿತು" ಅನ್ನುತ್ತಾರೆ. ದಾಂಪತ್ಯದ ಮೊದಲ ಸುಳ್ಳು ಅಂತ ನಮ್ಮ ಮಾವ ನಗುತ್ತಿದ್ದರು.

ನಿಜವಾಗಿ ನೋಡುವ ಆಸೆ ಇದ್ದರೆ ಏಪ್ರಿಲ್, ಮೇ ತಿಂಗಳ ರಾತ್ರಿ ಉತ್ತರಕ್ಕೆ ಮುಖ ಮಾಡಿ ನಿಲ್ಲಿ. ಸಪ್ತರ್ಷಿ ಮಂಡಲ ಸೌಟಿನ ಹಾಗೆ ಕಾಣುತ್ತದೆ. ಹಿಡಿಯ ತುದಿಯಿಂದ ಎರಡನೆಯದು ವಸಿಷ್ಠ. ಅದಕ್ಕೆ ಅಂಟಿಕೊಂಡ ಹಾಗೆ ಒಂದು ಮಂಕು ಚುಕ್ಕಿ ಇದೆ, ಅವಳೇ ಅರುಂಧತಿ. ಇಬ್ಬರೂ ನಮ್ಮಿಂದ 80 ಜ್ಯೋತಿರ್ವರ್ಷದಷ್ಟು ದೂರ. ನಮ್ಮ ಅಜ್ಜಿಯ ಮದುವೆ ಕಾಲಕ್ಕೆ ಹೊರಟ ಬೆಳಕು ಈಗ ಬಂದು ತಲುಪುತ್ತಿದೆ. ಡಿಸೆಂಬರ್ ಸಂಜೆಯ ರಿಸೆಪ್ಷನ್ನಿನಲ್ಲಿ ಹುಡುಕಬೇಡಿ, ಆ ಹೊತ್ತಿಗೆ ಅದು ನಮ್ಮ ಆಕಾಶದಲ್ಲಿ ಇರುವುದೇ ಇಲ್ಲ.

ಮನೆ ತುಂಬಿಸಿಕೊಳ್ಳುವಾಗ ಸೊಸೆ ಸೇರು ಒದೆಯಬೇಕಾ? ಅನ್ನ ಒದ್ದ ಹಾಗಲ್ಲವಾ?

ಒದೆಯುವುದು ಅನ್ನುವ ಮಾತೇ ಒರಟು. ಬಲಗಾಲಿನ ತುದಿ ತಾಗಿಸಿದರೆ ಸಾಕು, ಅಕ್ಕಿ ಹೊಸಿಲಿನಿಂದ ಒಳಗೆ ಚೆಲ್ಲಬೇಕು. ಲಕ್ಷ್ಮಿ ಧಾನ್ಯದ ಜೊತೆ ಒಳಗೆ ಬಂದಳು ಅಂತ. ನಿಮಗೆ ಮನಸ್ಸು ಒಪ್ಪದಿದ್ದರೆ ಸೊಸೆ ಕೈಯಲ್ಲೇ ಹಾಕಲಿ. ಹಿತ್ತಾಳೆ ಸೇರಾದರೆ ಉರುಳಿ ಕಾಲಿಗೆ ಬೀಳದಂತೆ ನೋಡಿಕೊಳ್ಳಿ.

ಹುಡುಗಿಯ ತಾಯಿ ವಿಧವೆ. ಅವರು ಧಾರೆ ಎರೆಯಬಹುದಾ? ಆರತಿ ಎತ್ತಬಹುದಾ?

ಎತ್ತಬೇಕು.

ಇಷ್ಟೇ ಬರೆದು ನಿಲ್ಲಿಸಬಹುದಿತ್ತು. ಆದರೆ ಫೋನಿನಲ್ಲಿ ಇದನ್ನು ಕೇಳುವವರೆಲ್ಲ ದನಿ ತಗ್ಗಿಸಿ ಕೇಳುತ್ತಾರೆ, ಅದಕ್ಕೆ ಇನ್ನಷ್ಟು ಹೇಳುತ್ತೇನೆ. ನಮ್ಮ ಅತ್ತಿಗೆಯ ಮೊದಲ ಮಗಳ ಮದುವೆಯಲ್ಲಿ ಚಿಕ್ಕಪ್ಪ ಚಿಕ್ಕಮ್ಮ ಹಸೆಮಣೆಯ ಪಕ್ಕ ಕೂತು ಧಾರೆ ಎರೆದರು. ಹೆತ್ತು ಸಾಕಿದವಳು ನನ್ನ ಜೊತೆ ಉಗ್ರಾಣದ ಬಾಗಿಲಲ್ಲಿ ನಿಂತು ಇಣುಕಿ ನೋಡಿದಳು. ಅವಳ ಕೈಯಲ್ಲಿ ಎಲೆ ಅಡಿಕೆ ಎಣಿಸುವ ಕೆಲಸ ಇತ್ತು. ನಾನೂ ಏನೂ ಮಾತಾಡಲಿಲ್ಲ. ಆ ಮೌನ ಈಗಲೂ ಚುಚ್ಚುತ್ತದೆ. ಎರಡನೇ ಮಗಳು ಬೇರೆ ಥರದವಳು. "ಅಮ್ಮ ಪಕ್ಕದಲ್ಲಿ ಇಲ್ಲದೆ ನಾನು ಹಸೆಗೇ ಬರಲ್ಲ" ಅಂದಳು. ಬಂದ ನೆಂಟರಲ್ಲಿ ಇಬ್ಬರು ಮೂವರು ಗೊಣಗಿದರು, ಊಟಕ್ಕೆ ಮಾತ್ರ ಮೊದಲ ಪಂಕ್ತಿಯಲ್ಲೇ ಕೂತಿದ್ದರು.

ಮಂಗಳೂರಿನ ಕುದ್ರೋಳಿ ಗೋಕರ್ಣನಾಥ ದೇವಸ್ಥಾನದಲ್ಲಿ 2013ರಲ್ಲಿ ಇಬ್ಬರು ವಿಧವೆಯರನ್ನು ಅರ್ಚಕರನ್ನಾಗಿ ನೇಮಿಸಿದರು. ದೇವರಿಗೆ ಆರತಿ ಎತ್ತುವ ಕೈ ಮಗಳಿಗೆ ಎತ್ತಬಾರದಾ? ಪುರೋಹಿತರ ಹತ್ತಿರ ಇದನ್ನು ನಿಶ್ಚಿತಾರ್ಥದ ಹೊತ್ತಿಗೇ ಮಾತಾಡಿಕೊಳ್ಳಿ. ಮಂಟಪದಲ್ಲಿ ಎಲ್ಲರ ಎದುರು ಆ ತಾಯಿಯನ್ನು ಚರ್ಚೆಗೆ ನಿಲ್ಲಿಸಬೇಡಿ.

ಮದುವೆ ಹತ್ತಿರ ಬಂದಾಗ ಮನೆಯಲ್ಲಿ ಸಾವಾದರೆ?

ನಾಂದಿ, ಅಂದರೆ ಮದುವೆಗೆ ಮೊದಲು ಗತಿಸಿದ ಹಿರಿಯರನ್ನು ನೆನೆದು ಮಾಡುವ ಶಾಸ್ತ್ರ, ಆಗಿದೆಯಾ ಅಂತ ಪುರೋಹಿತರು ಮೊದಲು ಕೇಳುತ್ತಾರೆ. ನಾಂದಿ ಇಟ್ಟ ಮೇಲೆ ಕಾರ್ಯ ಶುರುವಾದಂತೆ, ಆಮೇಲೆ ಬಂದ ಸೂತಕ ಮದುವೆಗೆ ಅಡ್ಡಿಯಿಲ್ಲ ಅಂತ ಶಾಸ್ತ್ರವೇ ಹೇಳುತ್ತದೆ. ನಾಂದಿಗೆ ಮೊದಲಾದರೆ ಸೂತಕ ಕಳೆಯುವವರೆಗೆ ಮುಂದಕ್ಕೆ ಹಾಕುತ್ತಾರೆ. ತಂದೆಯೋ ತಾಯಿಯೋ ಹೋದರೆ ಕೆಲವರು ವರ್ಷದೊಳಗೇ ಮಾಡಿ ಅನ್ನುತ್ತಾರೆ, ಕೆಲವರು ವರ್ಷಾಂತಿಕ ಮುಗಿಯಲಿ ಅನ್ನುತ್ತಾರೆ. ಯಾವುದಾದರೂ ಸರಿ. ಆದರೆ "ಸೊಸೆಯ ಕಾಲ್ಗುಣ" ಅನ್ನುವ ಮಾತು ಯಾರ ಬಾಯಲ್ಲೂ ಬರಬಾರದು. ಬಂದರೆ ಅಲ್ಲೇ ತಡೆಯುವ ಕೆಲಸ ಹುಡುಗನದು.

ಮುಯ್ಯಿಗೆ ಯಾಕೆ ಒಂದು ರೂಪಾಯಿ ಸೇರಿಸುತ್ತಾರೆ?

500 ಕೊಟ್ಟರೆ ಸೊನ್ನೆಯಲ್ಲಿ ಮುಗಿಯಿತು, 501 ಕೊಟ್ಟರೆ ಇನ್ನೂ ಮುಂದುವರಿಯುತ್ತದೆ ಅನ್ನುವ ಭಾವನೆ. ಅಂಗಡಿಯಲ್ಲಿ ಸಿಗುವ ಕವರಿಗೆ ನಾಣ್ಯ ಅಂಟಿಸಿಯೇ ಇರುತ್ತಾರೆ. ಯುಪಿಐನಲ್ಲಿ ಕಳಿಸುವವರೂ 1001 ಅಂತಲೇ ಒತ್ತುತ್ತಾರೆ. ಯಾರು ಎಷ್ಟು ಅಂತ ಬರೆದಿಡುವ ಪುಸ್ತಕ ಮಾತ್ರ ಕಳೆಯಬೇಡಿ, ಅವರ ಮನೆ ಮದುವೆಗೆ ಬೇಕಾಗುತ್ತದೆ.

ಮದುಮಗನ ಚಪ್ಪಲಿ ಕದಿಯುವುದು ನಮ್ಮ ಶಾಸ್ತ್ರವಾ?

ಅಲ್ಲ, ಉತ್ತರದಿಂದ ಸಿನಿಮಾದ ಜೊತೆ ಬಂದದ್ದು. ನಮ್ಮಲ್ಲಿ ಕಾಶಿಯಾತ್ರೆ ಇದೆ. ಮದುಮಗ ಕೊಡೆ, ಕೋಲು ಹಿಡಿದು ಹೊರಡುತ್ತಾನೆ, ಹುಡುಗಿಯ ಕಡೆಯವರು ತಡೆದು ಕರೆತರುತ್ತಾರೆ. ಆ ಹೊತ್ತಿಗೆ ಚಪ್ಪಲಿ ಕದ್ದರೆ ಎರಡೂ ಒಂದೇ ಸಲ ಮುಗಿಯುತ್ತದೆ.

ಮುಹೂರ್ತ, ಶಕುನ ಏನೂ ಬೇಡ ಅನ್ನುತ್ತಿದ್ದಾರೆ ಮಕ್ಕಳು. ಹಾಗೆ ಮದುವೆ ಆಗಬಹುದಾ?

ಧಾರಾಳವಾಗಿ. ಕುವೆಂಪು ಅವರ ಮಂತ್ರ ಮಾಂಗಲ್ಯ ಇದೆ. 1966ರಲ್ಲಿ ತಮ್ಮ ಮಗ ತೇಜಸ್ವಿಯ ಮದುವೆಯನ್ನೇ ಹಾಗೆ ಮಾಡಿದರು. ರಾಹುಕಾಲ, ಗುಳಿಕಕಾಲ ನೋಡುವ ಗೋಜಿಲ್ಲ, ಆಡಂಬರವಿಲ್ಲ. ಕೊಡಗಿನಲ್ಲಂತೂ ಮೊದಲಿನಿಂದಲೂ ಕೊಡವರ ಮದುವೆಗೆ ಪುರೋಹಿತರೇ ಇಲ್ಲ, ಹಿರಿಯರ ಆಶೀರ್ವಾದದಲ್ಲೇ ನಡೆಯುತ್ತದೆ. ಅವರಲ್ಲಿ ಪತ್ತಾಕ್ (ಅವರ ತಾಳಿ) ಕಟ್ಟುವುದು ಗಂಡನಲ್ಲ, ಮದುಮಗಳ ತಾಯಿ.

ಕಾನೂನಿನ ಕಡೆಯಿಂದ ಒಂದು ಮಾತು. 1955ರ ಹಿಂದೂ ವಿವಾಹ ಕಾಯ್ದೆಯಲ್ಲಿ ಆಗುವುದಾದರೆ ಯಾವುದಾದರೊಂದು ಪದ್ಧತಿಯ ವಿಧಿ ನಡೆದಿರಬೇಕು. ಸಪ್ತಪದಿ ಇರುವ ಪದ್ಧತಿಯಾದರೆ ಏಳನೇ ಹೆಜ್ಜೆಗೆ ಮದುವೆ ಪೂರ್ತಿ. ಬರೀ ನೋಂದಣಿಯ ಕಾಗದ ಸಾಲದು ಅಂತ ಸುಪ್ರೀಂ ಕೋರ್ಟ್ 2024ರಲ್ಲಿ ಹೇಳಿದೆ. ಯಾವ ವಿಧಿಯೂ ಬೇಡ ಅನ್ನುವವರಿಗೆ 1954ರ ವಿಶೇಷ ವಿವಾಹ ಕಾಯ್ದೆ ಇದೆ. 30 ದಿನದ ನೋಟಿಸ್, ಮೂವರು ಸಾಕ್ಷಿ.

ಚಿಕ್ಕಂದಿನಲ್ಲಿ ಕೊಬ್ಬರಿ ತಿಂದರೆ ಮದುವೆಯಲ್ಲಿ ಮಳೆ ಬರುತ್ತದಂತೆ. ನಿಜವಾ?

ಡಬ್ಬಿಯಲ್ಲಿದ್ದ ಕೊಬ್ಬರಿ ಉಳಿಸಲು ಯಾವುದೋ ತಾಯಿ ಹುಟ್ಟಿಸಿದ ಮಾತು ಇದು. ಕೆಲವು ಮನೆಯಲ್ಲಿ ಹಸಿ ಅಕ್ಕಿ ತಿನ್ನುವ ಮಕ್ಕಳಿಗೂ ಇದನ್ನೇ ಹೇಳುತ್ತಾರೆ. ನಾನು ಎರಡನ್ನೂ ತಿಂದವಳು. ನನ್ನ ಮದುವೆಯಲ್ಲಿ ಬಂದ ಮಳೆಗೆ ನಮ್ಮಮ್ಮ ಬೀಗರ ಎದುರೇ "ಹೇಳಿರಲಿಲ್ವಾ" ಅಂದಳು.

ಮಳೆ ಬಂದರೆ ಅಪಶಕುನ ಅಂತ ಮಾತ್ರ ಅನ್ನಬೇಡಿ. ಮಳೆಗಾಗಿ ನಾವು ಕತ್ತೆಗೆ, ಕಪ್ಪೆಗೆ ಮದುವೆ ಮಾಡಿಸುವ ಜನ. 2019ರ ಜೂನ್‌ನಲ್ಲಿ ಉಡುಪಿಯಲ್ಲಿ ವರುಣ, ವರ್ಷಾ ಅಂತ ಹೆಸರಿಟ್ಟು ಎರಡು ಕಪ್ಪೆಗಳಿಗೆ ಮದುವೆ ಮಾಡಿದ್ದರು. ಬಿಸಿಲು ಮಳೆ ಒಟ್ಟಿಗೆ ಬಂದರೆ ಕಾಗೆಗೂ ನರಿಗೂ ಮದುವೆ ಅನ್ನುತ್ತೇವೆ. ಅವುಗಳ ಮದುವೆಗೆ ಬರುವ ಮಳೆ ನಿಮ್ಮ ಮಗಳ ಮದುವೆಗೂ ಬಂದರೆ ಬರಲಿ. ಊಟದ ಹಾಲಿನಿಂದ ಕೈ ತೊಳೆಯುವ ಜಾಗಕ್ಕೆ ಹೋಗುವ ದಾರಿಗೆ ಶಾಮಿಯಾನ ಹಾಕಿಸಿದ್ದೀರಾ ನೋಡಿ, ಎಲ್ಲರೂ ಮರೆಯುವುದು ಅದನ್ನೇ.